ಹೊಳೆದಂಡೆಯ ಹಾದಿ: ಕಟ್ಟುವ ದುಡ್ಡು, ಕಾಯುವ ದುಡ್ಡು

ಊರೊಳಗೆ ಹರಿಯುವ ಹೊಳೆಯ ದಂಡೆಗೆ ನಡಿಗೆಪಥ ಬರುತ್ತದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಜನ ಎರಡು ಪಾಲಾಗುತ್ತಾರೆ. ವಾಯುವಿಹಾರಕ್ಕೊಂದು ಜಾಗ ಸಿಕ್ಕಿತಲ್ಲ ಎನ್ನುವವರು ಒಂದು ಕಡೆ, ದಂಡೆಯ ಹೊಳೆಮತ್ತಿ, ಹೊಂಗೆ, ನೇರಳೆ ಮರಗಳೆಲ್ಲ ಕಾಂಕ್ರೀಟಿನಡಿ ಹೋದವು ಎನ್ನುವವರು ಇನ್ನೊಂದು ಕಡೆ. ಕಾನೂನಿನ ಚರ್ಚೆಯೂ ಈ ಜಗಳದಲ್ಲೇ ಸಿಕ್ಕಿಕೊಂಡು, ಕಟ್ಟಬಹುದೇ ಕಟ್ಟಬಾರದೇ ಎಂಬಲ್ಲಿಗೆ ನಿಂತುಬಿಡುತ್ತದೆ. ಪಥ ಉದ್ಘಾಟನೆಯಾದ ಮೇಲೆ ಎರಡೂ ಪಾಳಯದವರು ಮನೆಗೆ ಹೋಗುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇಂಟರ್‌ಲಾಕ್ ಕಲ್ಲುಗಳು ಕುಸಿದಿರುತ್ತವೆ, ದೀಪ ಉರಿಯುವುದಿಲ್ಲ, ಕಂಬಿಬೇಲಿಯಾಚೆ ಕಸದ ಚೀಲಗಳು ಬಿದ್ದಿರುತ್ತವೆ; ದೂರು ಕೊಡಲು ಹೋದರೆ ‘ಇದಕ್ಕೆ ಅನುದಾನವಿಲ್ಲ’ ಎಂಬ ಉತ್ತರ ಸಿಗುತ್ತದೆ. ಪಥವನ್ನೂ ಅದರ ಆಚೀಚೆಯ ಹಸಿರನ್ನೂ ಮುಂದಿನ ಹತ್ತು ವರ್ಷ ಯಾರು, ಯಾವ ಲೆಕ್ಕಶೀರ್ಷಿಕೆಯ ಹಣದಿಂದ ನೋಡಿಕೊಳ್ಳುತ್ತಾರೆ ಎಂಬುದನ್ನು ಕಾಮಗಾರಿ ಮಂಜೂರಾಗುವ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು, ನಾಗರಿಕರ ಕಾನೂನುಬಲ ಹೆಚ್ಚು ಖರ್ಚಾಗಬೇಕಾದದ್ದು ಅಲ್ಲಿ ಎಂಬುದು ಈ ಲೇಖನದ ವಾದ. ಅದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. 2015ರ ಜೂನ್ 25ರಂದು ಆರಂಭವಾದ ಸ್ಮಾರ್ಟ್ ಸಿಟಿ ಮಿಷನ್ ದೇಶದ 100 ನಗರಗಳನ್ನು ಆರಿಸಿಕೊಂಡಿತು. ಕರ್ನಾಟಕದಿಂದ ಬೆಂಗಳೂರು, ಮಂಗಳೂರು, ಶಿವಮೊಗ್ಗ, ದಾವಣಗೆರೆ, ತುಮಕೂರು, ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಹೀಗೆ ಏಳು. ಶಿವಮೊಗ್ಗದ ತುಂಗಾ ದಂಡೆ, ಮಂಗಳೂರಿನ ನೇತ್ರಾವತಿ ದಂಡೆಯ ಕಾಮಗಾರಿಗಳು ಇದೇ ಹಣದ ಫಲ. ಕೆಲಸ ಮಾಡಿಸಿದ್ದು ನೇರವಾಗಿ ಪಾಲಿಕೆಯಲ್ಲ. ರಾಜ್ಯ ಸರ್ಕಾರ ಮತ್ತು ಪಾಲಿಕೆ ಸಮಪಾಲು ಹೊಂದಿದ, ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಒಂದು ಸಂಸ್ಥೆ. ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಕಟ್ಟಿದ್ದನ್ನು ಸಾಕುವ ಭಾರ ಪಾಲಿಕೆಯ ಹೆಗಲಿಗೆ ಬಂತು. ಕಟ್ಟಲು ಬರುವುದು ಬಂಡವಾಳ ಅನುದಾನ, ಒಮ್ಮೆ ಬಂದು ಹೋಗುವಂಥದ್ದು. ಗಿಡಕ್ಕೆ ನೀರು, ಕಾವಲುಗಾರರ ಸಂಬಳ, ಕಳೆ ಕೀಳುವ ಕೂಲಿ, ಒಡೆದ ಚರಂಡಿಯ ದುರಸ್ತಿ ಇವೆಲ್ಲ ವರ್ಷವರ್ಷದ ರಾಜಸ್ವ ಖರ್ಚು, ಆಸ್ತಿ ತೆರಿಗೆಯಂಥ ಸ್ವಂತ ಆದಾಯದಿಂದ ಹೊಂದಿಸಬೇಕಾದದ್ದು. ಶಾಸಕರು, ಮಂತ್ರಿಗಳು ಮೊದಲನೆಯದಕ್ಕೆ ಶಂಕುಸ್ಥಾಪನೆ ಮಾಡುತ್ತಾರೆ. ಕಳೆ ಕೀಳುವ ಕೂಲಿಗೆ ಯಾರೂ ಶಂಕುಸ್ಥಾಪನೆ ಮಾಡಿದ್ದಿಲ್ಲ.

ಪಥ ಎಲ್ಲಿ ಬರಬಹುದು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಆದರೆ ಅದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಈ ವಿಷಯದಲ್ಲಿ ತಪ್ಪು ತಿಳಿವಳಿಕೆಯೂ ಬಹಳ. ‘ಜೌಗು ಪ್ರದೇಶ ನಿಯಮದ ಪ್ರಕಾರ ನದಿಯಿಂದ 50 ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ’ ಎಂದು ಅರ್ಜಿಗಳಲ್ಲಿ ಬರೆಯುವವರಿದ್ದಾರೆ. 2017ರ ಆ ನಿಯಮಗಳು ದೋಣಿಕಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡಗಳನ್ನು ಸರಾಸರಿ ಪ್ರವಾಹ ಮಟ್ಟದಿಂದ 50 ಮೀಟರ್ ಒಳಗೆ ನಿಷೇಧಿಸುವುದು ನಿಜ. ಆದರೆ ಜೌಗು ಪ್ರದೇಶದ ವ್ಯಾಖ್ಯಾನದಿಂದ ನದಿಪಾತ್ರವನ್ನೇ ಅವು ಹೊರಗಿಟ್ಟಿವೆ, ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನೂ ಹೊರಗಿಟ್ಟಿವೆ. ಒಳನಾಡಿನ ಹೊಳೆಗೆ ಮೊದಲು ನೋಡಬೇಕಾದದ್ದು ಆಯಾ ಊರಿನ ಮಹಾಯೋಜನೆಯ ವಲಯ ನಿಯಮಾವಳಿ. ಬೆಂಗಳೂರಿನ ಕೆರೆ-ರಾಜಕಾಲುವೆಗಳ ಮೀಸಲು ಅಂಚಿನ ವಿವಾದದಲ್ಲಿ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಿಗ್ಗಿಸಿದ್ದ 75 ಮೀಟರ್ ಅಂತರವನ್ನು ಅದು ರದ್ದುಪಡಿಸಿ ಮಹಾಯೋಜನೆಯ ಅಳತೆಯನ್ನೇ ಎತ್ತಿಹಿಡಿಯಿತು. ಉಬ್ಬರದ ನೀರು ಬರುವ ನೇತ್ರಾವತಿಯಂಥ ಕಡೆ 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆ ಅನ್ವಯವಾಗುತ್ತದೆ. ಅದರಡಿ ಕಾಂಡ್ಲಾ ಕಾಡು ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ ಸೇರುತ್ತದೆ. ಮಂಗಳೂರಿನ ಯೋಜನೆಯ ವಿಷಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದವರೆಗೂ ಹೋದದ್ದು ಇಂಥ ಪ್ರಶ್ನೆಗಳ ಮೇಲೆಯೇ. ಇವೆಲ್ಲಕ್ಕೂ ಮೇಲೆ ನಿಲ್ಲುವ ತತ್ವವೊಂದಿದೆ. ಬಿಯಾಸ್ ನದಿಯ ದಂಡೆಯಲ್ಲಿ ಹೋಟೆಲೊಂದು ಹೊಳೆಯ ಪಾತ್ರವನ್ನೇ ತಿರುಗಿಸಲು ಹೊರಟಾಗ ಸುಪ್ರೀಂ ಕೋರ್ಟ್ ಕಮಲ್ ನಾಥ್ ಪ್ರಕರಣದಲ್ಲಿ, ನದಿಯಂಥ ಸಂಪತ್ತಿಗೆ ಸರ್ಕಾರ ಕೇವಲ ವಿಶ್ವಸ್ಥ, ಒಡೆಯನಲ್ಲ ಎಂದಿತು. ವಿಶ್ವಸ್ಥನಾದವನು ಆಸ್ತಿಗೆ ಹೊಸದೇನನ್ನೋ ಸೇರಿಸಿದರೆ ಸಾಲದು, ಇದ್ದದ್ದನ್ನು ಕಾಯಲೂ ಬೇಕು. ನಿರ್ವಹಣೆಯ ಹಣದ ಪ್ರಶ್ನೆ ಕಾನೂನಿನ ಪ್ರಶ್ನೆಯಾಗುವುದು ಇಲ್ಲಿ.

ಸಂವಿಧಾನದ ಹನ್ನೆರಡನೇ ಅನುಸೂಚಿಯನ್ನು ತೆರೆದು ನೋಡಿದರೆ ಇನ್ನೊಂದು ಎಳೆ ಸಿಗುತ್ತದೆ. ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಉದ್ಯಾನ, ಆಟದ ಮೈದಾನದಂಥ ಸೌಕರ್ಯ 12ನೆಯದು. ನಗರ ಅರಣ್ಯ ಮತ್ತು ಪರಿಸರ ರಕ್ಷಣೆ 8ನೆಯದು. ಹೊಳೆದಂಡೆಯ ಪಥ ಸೌಕರ್ಯದ ಲೆಕ್ಕಕ್ಕೆ ಹೋಗುತ್ತದೆ, ದಂಡೆಯ ಕಾಡು ಪರಿಸರದ ಲೆಕ್ಕಕ್ಕೆ. ಇವೆರಡನ್ನೂ ಒಂದೇ ‘ನದಿದಂಡೆ ಅಭಿವೃದ್ಧಿ’ ಎಂಬ ಹೆಸರಿನಡಿ ತಂದರೆ ಹಣವೆಲ್ಲ ಕಲ್ಲು, ಕಂಬಿ, ದೀಪಕ್ಕೆ ಹೋಗಿ ಕಾಡಿಗೆ ಉಳಿಯುವುದು ಹೆಸರು ಮಾತ್ರ. ಆದ್ದರಿಂದ ಆಕ್ಷೇಪಣೆ ಬರೆಯುವಾಗ ಎರಡಕ್ಕೂ ಬೇರೆ ಬೇರೆ ಮೊತ್ತ ತೋರಿಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಇದಕ್ಕೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವಿರುತ್ತದೆ: ಪಾಲಿಕೆಯಲ್ಲಿ ದುಡ್ಡಿಲ್ಲ. ಆ ಮಾತನ್ನು ಸುಪ್ರೀಂ ಕೋರ್ಟ್ 1980ರಲ್ಲೇ ತಳ್ಳಿಹಾಕಿದೆ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ನಿವಾಸಿಗಳು ತಮ್ಮ ಬೀದಿಯ ತೆರೆದ ಚರಂಡಿ ಮತ್ತು ಮದ್ಯದ ಕಾರ್ಖಾನೆಯ ದುರ್ನಾತದ ವಿರುದ್ಧ ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. ಪುರಸಭೆ ಹಣವಿಲ್ಲ ಎಂದಿತು. ಕಾನೂನು ಹೊರಿಸಿದ ಕರ್ತವ್ಯದಿಂದ ನುಣುಚಿಕೊಳ್ಳಲು ಬಡತನ ನೆಪವಾಗದು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಹೇಳಿತು. ಆದರೆ ಎಚ್ಚರವಿರಲಿ, ಈ ತೀರ್ಪಿನ ಬಲ ಶಾಸನಬದ್ಧ ಕರ್ತವ್ಯಕ್ಕೆ ಮಾತ್ರ. 1976ರ ಕರ್ನಾಟಕ ಪಾಲಿಕೆ ಕಾಯ್ದೆ ಕಡ್ಡಾಯ ಕೆಲಸಗಳನ್ನು 58ನೇ ಪ್ರಕರಣದಲ್ಲೂ ವಿವೇಚನೆಗೆ ಬಿಟ್ಟವುಗಳನ್ನು 59ರಲ್ಲೂ ಇಟ್ಟಿದೆ. ಚರಂಡಿ, ಕೊಳಚೆ, ಕಸ ವಿಲೇವಾರಿ ಕಡ್ಡಾಯದ ಪಟ್ಟಿಯಲ್ಲಿವೆ. ‘ಪಥ ಚೆನ್ನಾಗಿಡಿ’ ಎಂದು ಕೇಳಿದ ಅರ್ಜಿಗಿಂತ ‘ಪಥದ ಪಕ್ಕದಲ್ಲಿ ಹೊಳೆಗೆ ಬೀಳುತ್ತಿರುವ ಕೊಳಚೆ ತಡೆಯಿರಿ, ದಂಡೆಯ ಕಸ ತೆಗೆಯಿರಿ’ ಎಂದ ಅರ್ಜಿ ಕಾನೂನಿನ ಕಣ್ಣಲ್ಲಿ ಗಟ್ಟಿ.

ಅರ್ಜಿಗೆ ಮೊದಲು ಕಾಗದ ಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ದಾಖಲೆಗಳ ಪ್ರತಿಯ ಜೊತೆಗೆ ಕಾಮಗಾರಿಯ ಪರಿವೀಕ್ಷಣೆ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಇದನ್ನು ಬಳಸುವವರು ಕಡಿಮೆ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗಿರಬೇಕು, ಶುಲ್ಕ 10 ರೂಪಾಯಿ. ‘ಏಕೆ ನಿರ್ವಹಣೆ ಮಾಡುತ್ತಿಲ್ಲ’ ಎಂದು ಕಾರಣ ಕೇಳಿದರೆ ಅದು ಮಾಹಿತಿಯಲ್ಲ ಎಂಬ ಹಿಂಬರಹ ಬರುತ್ತದೆ, ದಾಖಲೆಯನ್ನೇ ಕೇಳಬೇಕು. ಉದಾಹರಣೆಗೆ ಹೀಗೆ: ‘ವಿಷಯ: ನದಿದಂಡೆ ನಡಿಗೆಪಥದ ನಿರ್ವಹಣೆ. ಸದರಿ ಕಾಮಗಾರಿಯ ಮಂಜೂರಾದ ಅಂದಾಜು ಪಟ್ಟಿ. ಗುತ್ತಿಗೆ ಕರಾರಿನಲ್ಲಿ ದೋಷ ಹೊಣೆ ಅವಧಿ ಮತ್ತು ನಿರ್ವಹಣಾ ಅವಧಿ ನಮೂದಾಗಿರುವ ಪುಟಗಳು. ಆಸ್ತಿಯನ್ನು ಪಾಲಿಕೆಗೆ ಹಸ್ತಾಂತರಿಸಿದ ಪತ್ರ. ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಇದರ ನಿರ್ವಹಣೆಗೆ ಒದಗಿಸಿದ ಮತ್ತು ಖರ್ಚು ಮಾಡಿದ ಮೊತ್ತ, ಲೆಕ್ಕಶೀರ್ಷಿಕೆ ಸಹಿತ. ಇವುಗಳ ದೃಢೀಕೃತ ಪ್ರತಿ ಒದಗಿಸುವುದು.’ ಉತ್ತರಕ್ಕೆ 30 ದಿನ. ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಈ ನಾಲ್ಕು ದಾಖಲೆಗಳಲ್ಲಿ ಹಸ್ತಾಂತರ ಪತ್ರವೇ ಮುಖ್ಯ. ಅದು ಇಲ್ಲವೆಂದಾದರೆ ಸ್ಮಾರ್ಟ್ ಸಿಟಿ ಕಂಪನಿ ಪಾಲಿಕೆಯ ಕಡೆ, ಪಾಲಿಕೆ ಕಂಪನಿಯ ಕಡೆ ಕೈ ತೋರಿಸುತ್ತಿವೆ ಎಂದೇ ಅರ್ಥ. ದೋಷ ಹೊಣೆ ಅವಧಿ ಇನ್ನೂ ಮುಗಿದಿಲ್ಲವಾದರೆ ಕುಸಿದ ಕಲ್ಲನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಪಾಲಿಕೆ ಅದಕ್ಕೆ ಹೊಸ ಟೆಂಡರ್ ಕರೆದರೆ ಅದು ಲೆಕ್ಕಪರಿಶೋಧನೆಯ ಆಕ್ಷೇಪಕ್ಕೆ ಯೋಗ್ಯ ವಿಷಯ.

ಹಣ ನಿಗದಿಯಾಗುವ ಜಾಗ ಬಜೆಟ್. ಹೊಸ ಆರ್ಥಿಕ ವರ್ಷಕ್ಕೆ ಮುನ್ನ ನಗರ ಸಂಸ್ಥೆಗಳು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಆ ಸಭೆಗೆ ಹೋಗಿ ಬಾಯಲ್ಲಿ ಹೇಳಿ ಬಂದರೆ ಅದು ಗಾಳಿಗೆ ಹೋಗುತ್ತದೆ. ಲಿಖಿತ ಸಲಹೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಅದು ದಾಖಲೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತಾಧಿಕಾರಿ ನಡೆಸುವ ಪಾಲಿಕೆಗಳಲ್ಲಿ (2020ರ ಸೆಪ್ಟೆಂಬರಿನ ನಂತರ ಬೆಂಗಳೂರು ಕಂಡ ಸ್ಥಿತಿ ಅದೇ) ಈ ಬಾಗಿಲು ಅರ್ಧ ಮುಚ್ಚಿರುತ್ತದೆ ಎಂಬುದೂ ನಿಜ. ಇನ್ನೂ ಮುಂದೆ ಹೋಗಿ, ಪ್ರಕೃತಿ ತಾಣಗಳಿಗೆಂದೇ ಮೀಸಲಾದ ತೆರಿಗೆ ಬೇಕೇ ಎಂದು ಕೇಳಬಹುದು. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ 2002ರಲ್ಲಿ ಮತದಾರರೇ ಮತ ಹಾಕಿ, ಪ್ರತಿ 100 ಡಾಲರ್ ಖರೀದಿಗೆ 25 ಸೆಂಟಿನಂತೆ ಮಾರಾಟ ತೆರಿಗೆಯನ್ನು 2030ರವರೆಗೆ ಇದಕ್ಕೆ ಮೀಸಲಿಟ್ಟರು. ನಮ್ಮಲ್ಲಿ ಅಂಥ ಜನಮತಕ್ಕೆ ಕಾನೂನಿಲ್ಲ, ಆದರೆ ಮೀಸಲು ಕರ ಹೊಸದೇನಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯಲ್ಲಿ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ಬೇರೆಯಾಗಿಯೇ ಇರುತ್ತದೆ. ಹಾಗೆಂದು ಈ ದಾರಿಯ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ದಾಟಿಸದೆ ಬಾಕಿ ಉಳಿಸಿಕೊಂಡ ಸುದ್ದಿ ಪದೇಪದೇ ಬರುತ್ತದೆ. ಕರಕ್ಕೆ ಹೆಸರಿಟ್ಟರೆ ಸಾಲದು, ಪ್ರತ್ಯೇಕ ಬ್ಯಾಂಕ್ ಖಾತೆಯೂ ವಾರ್ಷಿಕ ಲೆಕ್ಕ ಪ್ರಕಟಣೆಯೂ ಜೊತೆಗಿರಬೇಕು.

ಇಷ್ಟೆಲ್ಲ ಏಕೆ, ಖಾಸಗಿಯವರಿಗೆ ವಹಿಸಿ ಪ್ರವೇಶ ಶುಲ್ಕ ಇಡಲಿ ಎನ್ನುವವರಿದ್ದಾರೆ. ಬೆಂಗಳೂರು ಈ ಪ್ರಯೋಗವನ್ನು ಮಾಡಿ ನೋಡಿದೆ. ಎರಡು ದಶಕದ ಹಿಂದೆ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರ, ಅಗರ ಮುಂತಾದ ಕೆರೆಗಳನ್ನು ಖಾಸಗಿಯವರಿಗೆ ದೀರ್ಘಾವಧಿ ಗುತ್ತಿಗೆಗೆ ಕೊಟ್ಟಿತು. ಹಣ ಹೂಡಿದವನಿಗೆ ದೋಣಿವಿಹಾರ, ಉಪಾಹಾರ ಮಂದಿರ ಬೇಕು. ಮೀನುಗಾರರಿಗೂ ದನ ತೊಳೆಯುವವರಿಗೂ ಬೇಲಿ ಎದುರಾಗುತ್ತದೆ. ವಿಷಯ ಹೈಕೋರ್ಟ್‌ಗೆ ಹೋಯಿತು. 2012ರ ತೀರ್ಪು ಕೆರೆಗಳನ್ನು ಹೀಗೆ ಖಾಸಗಿಗೆ ಒಪ್ಪಿಸುವುದಕ್ಕೆ ತಡೆ ಹಾಕಿತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವೂ ಅವುಗಳ ಆಡಳಿತ ಮಂಡಳಿಯ ಮರ್ಜಿಯದ್ದು, ವರ್ಷಕ್ಕೊಮ್ಮೆ ದಿಕ್ಕು ಬದಲಿಸುವಂಥದ್ದು. ಗಿಡ ನೆಡಲು ಅದು ಸಾಕು, ಕಾವಲುಗಾರರ ತಿಂಗಳ ಸಂಬಳಕ್ಕೆ ನೆಚ್ಚಲಾಗದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ನಿರ್ವಹಣೆಯ ಲೆಕ್ಕ ಕೇಳುತ್ತ ಕೂತರೆ ಬಂದ ಅನುದಾನ ವಾಪಸ್ ಹೋಗುತ್ತದೆ. ಪಥವಿಲ್ಲದ ದಂಡೆಗೆ ಜನ ಬರುವುದಿಲ್ಲ, ಜನ ಬಾರದ ದಂಡೆ ಒತ್ತುವರಿಗೂ ಕಟ್ಟಡದ ಅವಶೇಷ ಸುರಿಯುವ ಲಾರಿಗಳಿಗೂ ಸುಲಭ. ಎರಡನೆಯ ಭಾಗ ಪೂರ್ತಿ ಸರಿ. ಬೆಳಿಗ್ಗೆ ಸಂಜೆ ನಡೆಯುವವರಿರುವ ಹಾದಿ ಸರ್ವೆ ಕಲ್ಲಿಗಿಂತ ಗಟ್ಟಿ ಗಡಿ. ಆದರೆ ಅದಕ್ಕೆ ಕಾಂಕ್ರೀಟ್ ತಡೆಗೋಡೆ ಬೇಕಿಲ್ಲ, ಪ್ರವಾಹ ಮಟ್ಟದಿಂದಾಚೆ ಮಣ್ಣು-ಜಲ್ಲಿಯ ಹಾದಿಯಾದರೂ ಸಾಕು. ಕಟ್ಟುವುದೂ ಅಗ್ಗ, ಸಾಕುವುದೂ ಅಗ್ಗ. ಅನುದಾನ ವಾಪಸ್ ಹೋಗುವ ಭಯಕ್ಕೆ ಉತ್ತರ ಟೆಂಡರಿನಲ್ಲೇ ಇದೆ. ರಸ್ತೆ, ನೀರು ಸರಬರಾಜು ಕಾಮಗಾರಿಗಳಲ್ಲಿ ಐದು ವರ್ಷದ ನಿರ್ವಹಣೆಯನ್ನು ಗುತ್ತಿಗೆಯೊಳಗೇ ಸೇರಿಸುವುದು ವಾಡಿಕೆಯಲ್ಲಿದೆ. ಹೊಳೆದಂಡೆಗೆ ಬರುವಾಗ ಆ ಷರತ್ತು ಏಕೆ ಮರೆಯಾಗಬೇಕು? ಉದ್ದ ಒಂದಿಷ್ಟು ಕಡಿಮೆಯಾದರೂ ಪರವಾಗಿಲ್ಲ, ನಿರ್ವಹಣೆ ಒಳಗೊಂಡ ಪಥ ಬೇಕು ಎಂದು ವಾರ್ಡ್ ಸಮಿತಿ ನಿರ್ಣಯ ಮಾಡಿದರೆ ಅನುದಾನವೂ ಉಳಿಯುತ್ತದೆ.

ಇದ್ಯಾವುದೂ ಫಲಿಸದಿದ್ದಾಗ ಯಾವ ಬಾಗಿಲು ತಟ್ಟಬೇಕು ಎಂಬುದು ದೂರಿನ ಸ್ವರೂಪದ ಮೇಲೆ ನಿಲ್ಲುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವ್ಯಾಪ್ತಿ ಅದರ ಅನುಸೂಚಿಯ ಏಳು ಕೇಂದ್ರ ಕಾಯ್ದೆಗಳಿಗೆ ಸೀಮಿತ. ಜಲ ಮಾಲಿನ್ಯ, ಪರಿಸರ ಸಂರಕ್ಷಣೆ, ಅರಣ್ಯ ಮತ್ತು ಜೀವವೈವಿಧ್ಯ ಕಾಯ್ದೆಗಳು ಅದರಲ್ಲಿವೆ. ರಾಜ್ಯದ 1985ರ ಉದ್ಯಾನ ಮತ್ತು ಬಯಲು ಜಾಗ ಕಾಯ್ದೆ, ಪಾಲಿಕೆ ಕಾಯ್ದೆಗಳು ಇಲ್ಲ. ಪರಿಹಾರಧನ ಕೇಳದ ಅರ್ಜಿಗೆ ಶುಲ್ಕ 1000 ರೂಪಾಯಿ, ವಕೀಲರಿಲ್ಲದೆಯೂ ವಾದಿಸಬಹುದು, ಆದರೆ ಗಡುವು ಬಿಗಿ: ವಿವಾದ ಹುಟ್ಟಿದ ಆರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 60 ದಿನ. ಬರೀ ಪಾಲಿಕೆಯ ಕರ್ತವ್ಯಲೋಪವಾದರೆ ಹೈಕೋರ್ಟಿನ 226ನೇ ವಿಧಿಯ ರಿಟ್ ಸರಿಯಾದ ದಾರಿ. ‘ನಿಮಗೇನು ಸಂಬಂಧ’ ಎಂಬ ತಕರಾರು ಬಂದರೆ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪು ಕೈಯಲ್ಲಿರಲಿ. ಬಡಾವಣೆಯ ಉದ್ಯಾನದ ಜಾಗ ನರ್ಸಿಂಗ್ ಹೋಮಿಗೆ ಹೋಗುವುದನ್ನು ಪ್ರಶ್ನಿಸಲು ಅಲ್ಲಿನ ನಿವಾಸಿಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲಿ. ಹಸಿರು ಪೀಠಕ್ಕೂ ಹೈಕೋರ್ಟಿಗೂ ಹೋಗುವ ತಾಕತ್ತಿಲ್ಲದವರಿಗೆ ರತ್ಲಾಂನವರು ಹಿಡಿದ ದಾರಿ ಈಗಲೂ ತೆರೆದಿದೆ. ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಪ್ರಕರಣ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣವಾಗಿದೆ. ಸಾರ್ವಜನಿಕರು ಬಳಸುವ ದಾರಿ, ನದಿ, ಕಾಲುವೆಗಳಲ್ಲಿನ ಉಪದ್ರವ ತೆಗೆಸಲು ಉಪವಿಭಾಗಾಧಿಕಾರಿಯವರು ಅದರಡಿ ಷರತ್ತಿನ ಆದೇಶ ಹೊರಡಿಸಬಹುದು. ಅರ್ಜಿಯ ಜೊತೆ ದಿನಾಂಕ ಕಾಣುವ ಫೋಟೊ, ಪಾಲಿಕೆಗೆ ಕೊಟ್ಟ ದೂರಿನ ಸ್ವೀಕೃತಿ, ಮಾಹಿತಿ ಹಕ್ಕಿನಡಿ ಬಂದ ಹಸ್ತಾಂತರ ಪತ್ರ ಇವು ಮೂರನ್ನು ಲಗತ್ತಿಸಬೇಕು. ಎದುರುದಾರರ ಜಾಗದಲ್ಲಿ ಪಾಲಿಕೆಯ ಆಯುಕ್ತರ ಹುದ್ದೆಯನ್ನು ನಮೂದಿಸಿ, ವ್ಯಕ್ತಿಯ ಹೆಸರನ್ನಲ್ಲ. ಅಧಿಕಾರಿಗೆ ವರ್ಗವಾದರೂ ಪ್ರಕರಣ ಬೀಳುವುದಿಲ್ಲ.