ಕಾಯಿಪಲ್ಯದ ಹಿತ್ತಲಲ್ಲಿ ಪಕ್ಷಿಗಳಿಗೆ ನೀರಿನ ಪಾತ್ರೆ

ಫೆಬ್ರವರಿ ತಿಂಗಳು ಕಳೆದು ಬಿಸಿಲು ಬಲಿಯುತ್ತಲೇ ನಮ್ಮ ಬಯಲು ಸೀಮೆಯ ಹಳ್ಳಗಳು ಬತ್ತುತ್ತವೆ, ಕೆರೆಗಳ ಅಂಗಳ ಬಿರಿಯುತ್ತದೆ. ಆಗ ಊರೊಳಗೆ ಹಸುರಾಗಿ ಉಳಿಯುವ ಸ್ಥಳ ಯಾವದೆಂದರೆ, ಮನೆಯವರು ಕೊಡದಿಂದ ನೀರು ಹೊಯ್ದು ಬೆಳಸಿದ ಕಾಯಿಪಲ್ಯದ ಹಿತ್ತಲೇ. ಪಕ್ಷಿಗಳು ಅಲ್ಲಿಗೆ ಬರುವದು ಆಶ್ಚರ್ಯವಲ್ಲ. ಅವುಗಳಿಗೋಸ್ಕರ ಹಿತ್ತಲಲ್ಲಿ ಒಂದು ನೀರಿನ ಪಾತ್ರೆಯನ್ನು ಇಡಬೇಕೋ ಎಂದು ಕೇಳುವವರಿಗೆ, ಇಡಬಹುದು, ಇಡುವದು ಒಳ್ಳೇದೇ ಎಂದು ನಾವು ಉತ್ತರ ಕೊಡುತ್ತೇವೆ. ಆದರೆ ಅದಕ್ಕಿಂತ ಮುಂಚೆ ಒಂದು ಪ್ರಶ್ನೆಯನ್ನು ನಾವೇ ಕೇಳಬೇಕಾಗಿದೆ. ಅದೇನಂದರೆ, ಆ ನೀರನ್ನು ದಿನಾಲು ಚೆಲ್ಲುವವರು ಮನೆಯಲ್ಲಿ ಯಾರು?

ಈ ಪ್ರಶ್ನೆಯ ಕಾರಣ ಮುಂದೆ ತಿಳಿದುಬರುವದು. ಮೊದಲು ಪಕ್ಷಿಗಳ ಅಗತ್ಯವನ್ನು ನೋಡೋಣ. ಮನುಷ್ಯನ ಮೈ ಬೆವತು ತಣ್ಣಗಾಗುತ್ತದೆ. ಪಕ್ಷಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಕಾಗೆಯು ಬಾಯಿ ತೆರೆದು ಏದುಸಿರು ಬಿಡುತ್ತಾ ಕೂತಿರುವದನ್ನು ನೀವೆಲ್ಲರೂ ಕಂಡಿದ್ದೀರಿ. ಅದು ಶ್ವಾಸದ ಮೂಲಕ ತನ್ನ ಮೈಯೊಳಗಿನ ನೀರನ್ನು ಆವಿಯಾಗಿ ಬಿಟ್ಟು ಶಾಖವನ್ನು ಕಳಕೊಳ್ಳುವದು. ಹಾಗೆ ಕಳಕೊಂಡ ನೀರನ್ನು ಪುನಃ ಕುಡಿಯಲೇಬೇಕು. ಕುಡಿಯುವದಲ್ಲದೆ ಸ್ನಾನವೂ ಅವುಗಳಿಗೆ ಬೇಕು. ಧೂಳು ಹತ್ತಿದ ಗರಿಗಳಿಂದ ಚೆನ್ನಾಗಿ ಹಾರಲಾಗದು. ಆದಕಾರಣ ಹೆಚ್ಚಿನ ಪಕ್ಷಿಗಳು ಮಿಂದ ಮೇಲೆ ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಎಣ್ಣೆಯಂಥ ಪಸೆಯನ್ನು ಕೊಕ್ಕಿನಿಂದ ತೆಗೆದು ಗರಿಗಳಿಗೆ ಸವರಿಕೊಳ್ಳುತ್ತವೆ.

ಇದರಿಂದ ಹಿತ್ತಲಿಗೆ ಲಾಭವೇನು? ಮಡಿವಾಳ ಹಕ್ಕಿಯೂ ಹರಟೆಮಲ್ಲಗಳೂ ಒಣಗಿದ ಎಲೆಗಳನ್ನು ಕೆದರಿ ಅಡಿಯಲ್ಲಿ ಅಡಗಿದ ಹುಳಗಳನ್ನು ಹೆಕ್ಕುತ್ತವೆ. ಗೊರವಂಕವು ಮಿಡತೆಗಳನ್ನು ಹಿಡಿಯುವದು. ಕಾಜಾಣವು ಕೋಲಿನ ಮೇಲೆ ಕೂತು ಹಾರುವ ಕೀಟದ ಮೇಲೆ ಎರಗುವದು; ತೊಗರಿ ಕಡಲೆ ಹೊಲಗಳಲ್ಲಿ ಕಾಯಿಕೊರಕದ ನಿವಾರಣೆಗಾಗಿ ಹಕ್ಕಿ ಕೂರುವ ಕವಲುಕೋಲುಗಳನ್ನು ನೆಡಬೇಕೆಂದು ಕೃಷಿ ಪಂಡಿತರು ಹೇಳುವದು ಇದೇ ಕಾರಣದಿಂದ. ಕಾಳು ತಿನ್ನುವ ಗುಬ್ಬಚ್ಚಿ ಸಹ ತನ್ನ ಎಳೇ ಮರಿಗಳಿಗೆ ಹುಳಗಳನ್ನೇ ತಂದು ಉಣ್ಣಿಸುತ್ತದೆ.

ಹೀಗಿದ್ದರೂ ನೀರಿಟ್ಟ ಮಾತ್ರಕ್ಕೆ ಹುಳದ ಕಾಟವೆಲ್ಲಾ ಹೋಗುವದೆಂದು ನಂಬುವದು ಸರಿಯಲ್ಲ. ಬದನೆಯ ಕುಡಿ ಮತ್ತು ಕಾಯಿ ಕೊರೆಯುವ ಹುಳವು ಒಳಗೆ ಸೇರಿದ ಮೇಲೆ ಯಾವ ಹಕ್ಕಿಯ ಕೊಕ್ಕಿಗೂ ಸಿಕ್ಕುವದಿಲ್ಲ. ಬಾಡಿದ ಕುಡಿಗಳನ್ನು ನಾವೇ ಚಿವುಟಿ ಸುಡಬೇಕು. ಇನ್ನು ಪಿಕಳಾರವು ಹುಳವನ್ನೂ ತಿನ್ನುವದು, ಹಣ್ಣಾದ ಟೊಮೇಟೋವನ್ನೂ ಕುಕ್ಕುವದು. ಟೊಮೇಟೋ ಕೆಂಪೇರುವ ಮೊದಲೇ ಕಿತ್ತು ಮನೆಯೊಳಗೆ ಹಣ್ಣು ಮಾಡಿದರೆ ಪಿಕಳಾರದೊಡನೆ ನಮಗೆ ಜಗಳವೇ ಇರುವದಿಲ್ಲ.

ಪಾತ್ರೆಗೆ ಹೆಚ್ಚು ಖರ್ಚು ಬೇಡ. ಕುಂಬಾರನ ಅಗಲವಾದ ಮಣ್ಣಿನ ತಟ್ಟೆ, ಇಲ್ಲವೆ ಹಳೇ ಕಲ್ಲಿನ ಮರಿಗೆ ಸಾಕು. ತಗಡಿನ ಪಾತ್ರೆ ಬಿಸಿಲಿಗೆ ಕಾಯುವದು. ನುಣುಪಾದ ಪ್ಲಾಸ್ಟಿಕ್ಕಿನಲ್ಲಿ ಹಕ್ಕಿಯ ಕಾಲು ಜಾರುವದು. ನೀರು ಅಂಚಿನಲ್ಲಿ ಅರ್ಧ ಅಂಗುಲ, ನಡುವೆ ಎರಡು ಅಂಗುಲಕ್ಕಿಂತ ಹೆಚ್ಚು ಆಳವಿರಕೂಡದು. ಇದಕ್ಕಿಂತ ಆಳವಾದರೆ ಸಣ್ಣ ಹಕ್ಕಿಗಳು ಇಳಿಯಲಿಕ್ಕೆ ಹೆದರುತ್ತವೆ. ಒಂದೆರಡು ಹಂಚಿನ ಚೂರುಗಳನ್ನೂ ಬೆಣಚುಕಲ್ಲುಗಳನ್ನೂ ನೀರಿನಿಂದ ಮೇಲೆ ಕಾಣುವಂತೆ ಇಡಬೇಕು. ಇವು ಜೇನುನೊಣಗಳಿಗೋಸ್ಕರ, ಬೇಸಿಗೆಯಲ್ಲಿ ಅವು ಗೂಡನ್ನು ತಂಪು ಮಾಡಲಿಕ್ಕೆ ನೀರನ್ನು ಹೊರುತ್ತವೆ, ಕಾಲೂರಲು ಸ್ಥಳವಿಲ್ಲದಿದ್ದರೆ ಮುಳುಗಿ ಸಾಯುತ್ತವೆ. ಕುಂಬಳ, ಸೌತೆಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆಯಾದದರಿಂದ ಜೇನು ಬಾರದ ಹಿತ್ತಲಲ್ಲಿ ಹೂವು ಬಿಟ್ಟರೂ ಕಾಯಿ ನಿಲ್ಲುವದು ಕಡಿಮೆ. ನಮ್ಮ ಎಣಿಕೆಯಲ್ಲಿ ಜೇನಿನಿಂದಾಗುವ ಈ ಪ್ರಯೋಜನವು ಪಕ್ಷಿಗಳಿಂದಾಗುವದಕ್ಕಿಂತ ಕಡಿಮೆಯೇನಲ್ಲ.

ಪಾತ್ರೆಯನ್ನು ಮೂರಡಿ ಎತ್ತರದ ಕಲ್ಲುಕಂಬದ ಮೇಲಾಗಲಿ ಕಟ್ಟೆಯ ಮೇಲಾಗಲಿ, ಅರ್ಧ ನೆರಳಿರುವಲ್ಲಿ ಇಡಬೇಕು. ಪೊದೆಗೆ ತಾಗಿಸಿ ಇಡಕೂಡದು. ಗರಿ ನೆನೆದ ಹಕ್ಕಿ ಬೇಗ ಏಳಲಾರದು, ಬೆಕ್ಕಿಗೆ ಇದು ಚೆನ್ನಾಗಿ ಗೊತ್ತು. ಸುತ್ತಲು ಹತ್ತಡಿ ಬಯಲಿದ್ದು, ಅದರಾಚೆ ಹಾರಿ ಕೂರುವದಕ್ಕೆ ನುಗ್ಗೆಯೋ ಕರಿಬೇವೋ ಇದ್ದರೆ ಅದೇ ತಕ್ಕ ಸ್ಥಳ. ಹಿತ್ತಲಿಗೆ ಕೀಟನಾಶಕವನ್ನು ಸಿಂಪಡಿಸುವವರು ಪಾತ್ರೆಯನ್ನು ಇಡದಿರುವದೇ ಲೇಸು. ವಿಷ ತಗಲಿದ ಹುಳವಿರುವಲ್ಲಿಗೆ ಹಕ್ಕಿಯನ್ನು ನೀರು ತೋರಿಸಿ ಕರೆಯುವದು ಉಪಕಾರವಾಗುವದೋ?

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರುತ್ತೇವೆ. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ಯುವಕ ವೈದ್ಯನು ಬೆಂಗಳೂರಿನ ದಂಡಿನಲ್ಲಿ ಕೆಲಸಕ್ಕೆ ಬಂದನು. ತನ್ನ ಬಂಗಲೆಯಲ್ಲಿ ಸೊಳ್ಳೆಗಳು ವಿಪರೀತವಾಗಿರಲು ಅವನು ಹುಡುಕಿ ನೋಡಿ, ಹೊರಗೆ ನಿಂತಿದ್ದ ನೀರಿನಲ್ಲಿಯೇ ಅವು ಹುಟ್ಟುತ್ತವೆಂದು ಕಂಡು, ಆ ನೀರನ್ನು ಚೆಲ್ಲಿಸಿದನು, ಸೊಳ್ಳೆಗಳು ಕಡಿಮೆಯಾದವು. ಇದೇ ರಾಸನು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯದ ಪರೋಪಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಬಹುಮಾನವನ್ನು ಹೊಂದಿದನು.

ನಮ್ಮ ಕಾಲದಲ್ಲಿ ಇನ್ನೊಂದು ಜಾತಿಯ ಸೊಳ್ಳೆ ಹೆಚ್ಚು ಭಯಂಕರವಾಗಿದೆ. ಕಾಲುಗಳಲ್ಲಿ ಬಿಳೀ ಪಟ್ಟೆಗಳುಳ್ಳ ಈಡಿಸ್ ಎಂಬ ಈ ಸೊಳ್ಳೆಯು ಹಗಲಲ್ಲಿ ಕಚ್ಚಿ ಡೆಂಗೀ ಮತ್ತು ಚಿಕುನ್‌ಗುನ್ಯ ಜ್ವರಗಳನ್ನು ಹರಡುವದು. ೨೦೦೬ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯ ಹಬ್ಬಿದಾಗ ಕೀಲುನೋವಿನಿಂದ ತಿಂಗಳುಗಟ್ಟಲೆ ನರಳಿದವರು ನಮ್ಮ ಹಳ್ಳಿಗಳಲ್ಲಿ ಬಹು ಮಂದಿ. ೨೦೨೪ರಲ್ಲಿ ಕರ್ನಾಟಕ ಸರಕಾರವು ಡೆಂಗೀಯನ್ನು ಸಾಂಕ್ರಾಮಿಕ ರೋಗವೆಂದು ಪ್ರಕಟಿಸಿ, ಸೊಳ್ಳೆ ಹುಟ್ಟಲು ಎಡೆಗೊಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಈ ಸೊಳ್ಳೆ ಕೊಳಚೆಯನ್ನು ಹುಡುಕುವದಿಲ್ಲ. ಮನೆಯ ಬಳಿ ಸಣ್ಣ ಪಾತ್ರೆಯಲ್ಲಿ ನಿಂತ ತಿಳಿನೀರೇ ಅದಕ್ಕೆ ಇಷ್ಟ. ಬೆಚ್ಚಗಿನ ದಿನಗಳಲ್ಲಿ ತತ್ತಿಯಿಂದ ರೆಕ್ಕೆಯ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಹಕ್ಕಿಗೆಂದು ಇಟ್ಟು ಮರೆತ ನೀರಿನಿಂದ ಮನೆಯ ಮಗು ಹಾಸಿಗೆ ಹಿಡಿಯುವದು ಹೀಗೆಯೇ.

ಚೆಲ್ಲಿದರೆ ಮಾತ್ರ ಸಾಲದು, ತಿಕ್ಕಲೂ ಬೇಕು. ಯಾಕಂದರೆ ಈಡಿಸ್ ತನ್ನ ತತ್ತಿಗಳನ್ನು ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಗೋಡೆಗೆ ಅಂಟಿಸುವದು. ಅವು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ಪುನಃ ನೀರು ತಗಲಿದಾಗ ಒಡೆಯುವವು. ದಿನಾಲು ಬೆಳಿಗ್ಗೆ ಹಳೇ ನೀರನ್ನು ಚೆಲ್ಲಿ, ತೆಂಗಿನ ನಾರಿನಿಂದ ಒಳಮೈಯನ್ನೂ ಅಂಚನ್ನೂ ಉಜ್ಜಿ ತೊಳೆದು ಹೊಸ ನೀರನ್ನು ಹಾಕತಕ್ಕದ್ದು. ಸಾಬೂನು ಬೇಡ. ವಾರಕ್ಕೊಮ್ಮೆ ಪಾತ್ರೆಯನ್ನು ಬಿಸಿಲಿನಲ್ಲಿ ಪೂರಾ ಒಣಗಿಸಬೇಕು. ಹಿಕ್ಕೆ ಬಿದ್ದ ನೀರಿನಿಂದ ಪಾರಿವಾಳ ಮೊದಲಾದವುಗಳಿಗೂ ರೋಗಗಳು ಒಂದರಿಂದೊಂದಕ್ಕೆ ಹರಡುವದುಂಟು. ಕಾಗೆಗಳಂತೂ ಎಲ್ಲಿಂದಲೋ ಒಣರೊಟ್ಟಿಯನ್ನು ತಂದು ನೆನೆಹಾಕಿ ನೀರನ್ನು ಗಂಜಿ ಮಾಡಿಬಿಡುತ್ತವೆ. ಅಂಥ ದಿನ ಸಂಜೆಗೂ ಒಮ್ಮೆ ತೊಳೆಯಬೇಕಾದೀತು.

ದೂರದಿಂದ ಕೊಡ ಹೊತ್ತು ತರುವ ತಾಯಂದಿರು, ನಮಗೇ ಸಾಲದ ನೀರನ್ನು ದಿನಾಲು ಚೆಲ್ಲಬೇಕೋ ಎಂದಾರು. ಅವರ ಮಾತು ನ್ಯಾಯವಾದದ್ದೇ. ಆದದರಿಂದ ಪಾತ್ರೆಯನ್ನು ಅಂಗಳದಲ್ಲಿಡದೆ ಹೀರೆ, ಬೆಂಡೆಗಳ ಮಡಿಯ ಬಳಿಯಲ್ಲಿಯೇ ಇಟ್ಟು, ನಿನ್ನಿನ ನೀರನ್ನು ಗಿಡದ ಬುಡಕ್ಕೆ ಹೊಯ್ಯಬೇಕು. ಒಂದಡಿ ಅಗಲದ ತಗ್ಗು ತಟ್ಟೆಗೆ ಎರಡು ಲೀಟರಿನಷ್ಟು ನೀರು ಹಿಡಿಯುವದು; ಗಿಡಕ್ಕೆ ಹೇಗೂ ಹಾಕಬೇಕಾದ ನೀರೇ ಒಂದು ದಿನ ಹಕ್ಕಿಗಳ ಬಳಿ ತಂಗಿ ಹೋದಂತಾಯಿತು. ಅದರಲ್ಲಿ ಸೊಳ್ಳೆಯ ಮರಿಗಳಿದ್ದರೆ ಮಣ್ಣಿನ ಮೇಲೆ ಒಣಗಿ ಸಾಯುವವು.

ಶಾಲೆಯ ಹುಡುಗರಿಗೆ ಈ ಕೆಲಸವನ್ನು ಒಪ್ಪಿಸಬಹುದು. ಆದರೆ ವಾರಕ್ಕೆರಡು ಸಾರಿಯಾದರೂ ಹಿರಿಯರು ಬೆರಳಿನಿಂದ ಪಾತ್ರೆಯ ಅಂಚನ್ನು ಮುಟ್ಟಿ ನೋಡಲಿ, ಲೋಳೆ ಹತ್ತಿದರೆ ತಿಕ್ಕಿಲ್ಲವೆಂದು ತಿಳಿಯುವದು. ಮದುವೆಗೋ ಜಾತ್ರೆಗೋ ನಾಲ್ಕು ದಿನ ಊರು ಬಿಡುವವರು ಹೊರಡುವ ಮುಂಚೆ ಪಾತ್ರೆಯನ್ನು ಕವಚಿ ಹಾಕಬೇಕು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಹಕ್ಕಿಗಳಿಗೆ ಎಲ್ಲೆಲ್ಲಿಯೂ ನೀರಿರುವದರಿಂದ, ಆಗ ಅದನ್ನು ತಿಕ್ಕಿ ಒಣಗಿಸಿ ಮಾಡಿನ ಕೆಳಗೆ ಬೋರಲಾಗಿ ಇಟ್ಟರೆ ಮುಂದಿನ ಬೇಸಿಗೆಗೆ ಒದಗುವದು.