ನರ್ಸಿಂಗ್ ವಿದ್ಯಾರ್ಥಿಗಳು ಮುಂದಾಳತ್ವಕ್ಕೆ ಸಿದ್ಧರಾಗುವುದು ಹೇಗೆ?

ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ಮುಂದಾಳತ್ವ ಬಡ್ತಿಯ ಜೊತೆಗೇ ಬರಬೇಕೆಂದೇನಿಲ್ಲ. ಸಮುದಾಯ ಆರೋಗ್ಯ ಅಧಿಕಾರಿಯಾಗಿ ನೇಮಕವಾದ ಯುವ ನರ್ಸ್, ಮಾಗಡಿ ಅಥವಾ ಕನಕಪುರ ಕಡೆಯ ಹಳ್ಳಿಯ ಉಪಕೇಂದ್ರದಲ್ಲಿ ಮೊದಲ ದಿನದಿಂದಲೇ ತಂಡ ನಡೆಸಬೇಕಾಗುತ್ತದೆ. ಸಮತಟ್ಟು ಪ್ರದೇಶದಲ್ಲಿ ಇಂಥ ಕೇಂದ್ರಕ್ಕೆ ಸುಮಾರು 5,000 ಜನರೆಂಬುದು ಸರ್ಕಾರಿ ಮಾನದಂಡ. ತಂಡದ ಆಶಾ ಕಾರ್ಯಕರ್ತೆಯರಲ್ಲಿ ಹಲವರು ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯರು. ಯಾವ ಮನೆಯಲ್ಲಿ ಯಾರು ಮಾತ್ರೆ ನಿಲ್ಲಿಸಿದ್ದಾರೆಂದು ಬಲ್ಲವರು. ಅವರ ಮಾತಿಗೆ ಕಿವಿಗೊಡದ ಅಧಿಕಾರಿಗೆ ಹುದ್ದೆ ಇರುತ್ತದೆ, ತಂಡ ಇರುವುದಿಲ್ಲ.

ಭಾರತೀಯ ನರ್ಸಿಂಗ್ ಪರಿಷತ್ತಿನ ಪರಿಷ್ಕೃತ ಪಠ್ಯಕ್ರಮದಲ್ಲಿ ವೃತ್ತಿ ಮೌಲ್ಯಗಳು ನಾಲ್ಕನೇ ಸೆಮಿಸ್ಟರ್‌ನಲ್ಲೂ ನಿರ್ವಹಣೆ ಮತ್ತು ನಾಯಕತ್ವ ಆರನೆಯದರಲ್ಲೂ ಬರುತ್ತವೆ. ಪರೀಕ್ಷೆಗೆ ಅಷ್ಟು ಸಾಕು, ವಾರ್ಡಿಗೆ ಸಾಲದು.

ಔಷಧ ಕೊಡುವಲ್ಲಿ ತಪ್ಪಾದರೆ ಕೂಡಲೇ ಹಿರಿಯರಿಗೆ ತಿಳಿಸಿ ದಾಖಲಿಸುವುದು ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ. ತಪ್ಪು ಮುಚ್ಚಿಡಲು ಕಲಿತ ವಿದ್ಯಾರ್ಥಿನಿ ಮುಂದೆ ಮುಖ್ಯಸ್ಥೆಯಾದಾಗ, ಕೈಕೆಳಗಿನವರೂ ಮುಚ್ಚಿಡುತ್ತಾರೆ. ಅದರ ಬೆಲೆ ತೆರುವವರು ರೋಗಿಗಳು. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿಯನ್ನು ಹಾಸಿಗೆಯ ಬಳಿಯೇ ನಿಂತು ಒಪ್ಪಿಸುವುದೂ ಇಂಥದ್ದೇ ತರಬೇತಿ.

ಸ್ಥಳೀಯ ದುಡಿಮೆಯ ಅರಿವೂ ಬೇಕು. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆದಾರರಿಗೆ ಆವಿಯಿಂದ ಉಸಿರಾಟದ ತೊಂದರೆ, ಚನ್ನಪಟ್ಟಣದ ಗೊಂಬೆ ಕೆಲಸಗಾರರಿಗೆ ಮರದ ದೂಳಿನಿಂದ ಕೆಮ್ಮು ಬರಬಹುದು. ಕೆಮ್ಮುವವರನ್ನು ಕೆಲಸ ಯಾವುದೆಂದು ಕೇಳಿ ಬರೆದುಕೊಳ್ಳುವುದನ್ನು ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲೇ ರೂಢಿಸಿಕೊಳ್ಳಬಹುದು.