ಹಣ ಕಟ್ಟುವ ಮೊದಲು ಕೊಳದ ಬದಿಯಲ್ಲಿ ಒಂದು ಗಂಟೆ

ಮುಂಬಯಿಯಲ್ಲಿ ಮಕ್ಕಳಿಗೆ ಈಜು ಕಲಿಸಲು ಹೊರಟ ಅಪ್ಪ ಅಮ್ಮಂದಿರಿಗೆ, ಹಂತ ಹಂತವಾಗಿ

ಮಾರ್ಚ್ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಎರಡು ಚರ್ಚೆ ಶುರುವಾಗುತ್ತವೆ. ಒಂದು, ಊರಿಗೆ ಹೋಗಲು ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಕ್ಕೀತೇ ಎಂಬುದು. ಇನ್ನೊಂದು, ರಜೆಯಲ್ಲಿ ಮಕ್ಕಳನ್ನು ಯಾವ ಕ್ಲಾಸಿಗೆ ಸೇರಿಸುವುದು ಎಂಬುದು. ಇವೆರಡೂ ಒಂದೇ ಸಂಗತಿ ಎಂದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ರೈಲಿನಿಂದ ಇಳಿದ ನಮ್ಮ ಮಕ್ಕಳು ಓಡುವುದೇ ನೀರಿನತ್ತ. ಮನೆ ಹಿಂದಿನ ಹೊಳೆ, ತೋಟದ ಕೆರೆ, ಮಲ್ಪೆಯ ಕಡಲು, ಮಳೆನೀರು ತುಂಬಿದ ಕೆಂಪುಕಲ್ಲಿನ ಕೋರೆ. ಅಲ್ಲಿನ ಅಣ್ಣ ಅಕ್ಕಂದಿರಿಗೆ ನೀರಿನ ಗುಣ ಗೊತ್ತು. ಫ್ಲ್ಯಾಟಿನ ಬಕೆಟ್ಟಿನಲ್ಲಿ ಸ್ನಾನ ಮಾಡಿ ಬೆಳೆದ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ನನಗೆ ಈಜು ಕಲಿಸಿದ್ದು ಅಪ್ಪ, ಊರಿನ ತೋಟದ ಕೆರೆಯಲ್ಲಿ. ಒಣಗಿದ ಎರಡು ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ ಬೆನ್ನಿಗೆ ಕಟ್ಟಿದ್ದರು. ಹೊಟ್ಟೆಯ ಕೆಳಗೆ ಅವರ ಅಂಗೈ ಇತ್ತು. ಆ ಅಂಗೈ ಯಾವಾಗ ಸರಿಯಿತೋ ನನಗೆ ತಿಳಿಯಲೇ ಇಲ್ಲ.

ನನ್ನ ಮಗಳ ವಿಷಯದಲ್ಲಿ ನಾನು ಅಷ್ಟು ಎಚ್ಚರ ವಹಿಸಲಿಲ್ಲ. ಅವಳಿಗೆ ಐದು ವರ್ಷವಿದ್ದಾಗ, ಮನೆಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಒಂದು ಕೊಳದಲ್ಲಿ ತಿಂಗಳ ಹಣ ಕಟ್ಟಿದೆ. ನೀರಿನಲ್ಲಿ 22 ಮಕ್ಕಳು, ದಡದಲ್ಲಿ ಸೀಟಿ ಹಿಡಿದ ಒಬ್ಬ ಕೋಚ್. ಮೂರನೆಯ ದಿನ ‘ಹೆದರಿಕೆ ಹೋಗಲಿ’ ಎಂದು ಅವಳನ್ನು ನೀರಿಗೆ ತಳ್ಳಿದರು. ಆಮೇಲೆ ಆರು ತಿಂಗಳು ಅವಳು ಸ್ನಾನಕ್ಕೂ ತಲೆಯ ಮೇಲೆ ನೀರು ಹೊಯ್ಯಗೊಡಲಿಲ್ಲ. ಎರಡನೆಯ ಸಲ ಹುಡುಕಿದಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಂತ 1: ಯಾಕೆ ಕಲಿಸುತ್ತೀರಿ ಎಂಬುದನ್ನು ನಿರ್ಧರಿಸಿ

ಪದಕ, ಪ್ರಮಾಣಪತ್ರ, ಬಟರ್‌ಫ್ಲೈ ಇವೆಲ್ಲ ಆಮೇಲಿನ ಮಾತು. ಮೊದಲ ಗುರಿ, ನೀರಿಗೆ ಬಿದ್ದ ಮಗು ತಾನೇ ದಡ ಸೇರಬೇಕು. ಇದಕ್ಕೆ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಹೇಳುವ ಐದು ಕೌಶಲಗಳು ಒಳ್ಳೆಯ ಅಳತೆಗೋಲು: ತಲೆ ಮುಳುಗುವಷ್ಟು ಆಳಕ್ಕೆ ಇಳಿದು ಮೇಲೆ ಬರುವುದು, ಒಂದು ನಿಮಿಷ ತೇಲುವುದು ಅಥವಾ ನಿಂತಲ್ಲೇ ಕೈಕಾಲಾಡಿಸುವುದು, ಸುತ್ತ ತಿರುಗಿ ಹೊರಹೋಗುವ ದಾರಿ ಗುರುತಿಸುವುದು, ಸುಮಾರು 25 ಗಜ ಈಜಿ ಅಲ್ಲಿಗೆ ತಲುಪುವುದು, ಏಣಿಯಿಲ್ಲದೆ ದಡ ಹತ್ತುವುದು. ನೀವು ಆರಿಸುವ ತರಗತಿ ಈ ಐದನ್ನೂ ಕಲಿಸುತ್ತದೆಯೇ ಎಂದು ಕೇಳಿ. ‘21 ದಿನದಲ್ಲಿ ಫ್ರೀಸ್ಟೈಲ್ ಗ್ಯಾರಂಟಿ’ ಎಂಬ ಮಾತಿಗಿಂತ ‘ಮೊದಲ ವಾರ ಅಂಗಾತ ತೇಲುವುದನ್ನು ಕಲಿಸುತ್ತೇವೆ’ ಎಂಬ ಮಾತನ್ನು ನಂಬಿ.

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಕಂದಮ್ಮಗಳು. ಈಜನ್ನು ಹವ್ಯಾಸದ ಪಟ್ಟಿಯಿಂದ ತೆಗೆದು ಲಸಿಕೆಯ ಪಟ್ಟಿಯಲ್ಲಿ ಇಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಂತ 2: ವಯಸ್ಸು ನೋಡಿ, ಮಗುವನ್ನು ಅದಕ್ಕಿಂತ ಹೆಚ್ಚು ನೋಡಿ

ಒಂದು ವರ್ಷ ದಾಟಿದ ಮಕ್ಕಳಿಗೆ ಈಜಿನ ಪಾಠ ಶುರುಮಾಡಬಹುದು, ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಕಲಿಯಲು ಸಿದ್ಧರಿರುತ್ತಾರೆ ಎನ್ನುತ್ತದೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ. ಮೂರರ ಒಳಗಿನ ಮಗುವಿಗಾದರೆ ಅಪ್ಪನೋ ಅಮ್ಮನೋ ಜೊತೆಗೆ ನೀರಿಗಿಳಿಯುವ ತರಗತಿಯನ್ನೇ ಆರಿಸಿ. ನಾಲ್ಕರಿಂದ ಆರರ ಮಕ್ಕಳಿಗೆ ಮೊಣಕಾಲಿನಿಂದ ಸೊಂಟದವರೆಗಿನ ಆಳದ ಪ್ರತ್ಯೇಕ ಕೊಳ ಬೇಕು. ಆರು ದಾಟಿದವರು ಸೂಚನೆಯನ್ನು ಚೆನ್ನಾಗಿ ಪಾಲಿಸುವುದರಿಂದ ಬೇಗ ಕಲಿಯುತ್ತಾರೆ.

ಮಗು ಹೆದರುತ್ತದೆಯೆಂದು ಕೈಬಿಡಬೇಡಿ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್ ಐದು ವರ್ಷದವರಿದ್ದಾಗ ಮುಳುಗಿ ಸಾಯುವುದರಿಂದ ಪಾರಾದವರು. ಆ ಭಯ ಹೋಗಲೆಂದೇ ಅವರ ತಂದೆ ಈಜು ಕಲಿಸಲು ನಿಂತರು. ವಿಶೇಷ ಅಗತ್ಯಗಳುಳ್ಳ ಮಕ್ಕಳ ತಾಯ್ತಂದೆಯರು ಮುಂಬಯಿಯದೇ ಜಿಯಾ ರಾಯ್ ಅವರನ್ನು ನೆನೆಯಬಹುದು. ಆಟಿಸಂ ಇರುವ ಈ ಹುಡುಗಿ 2021ರ ಫೆಬ್ರವರಿಯಲ್ಲಿ ಬಾಂದ್ರಾ–ವರ್ಲಿ ಸೀಲಿಂಕ್‌ನಿಂದ ಗೇಟ್‌ವೇ ಆಫ್ ಇಂಡಿಯಾದವರೆಗೆ 36 ಕಿ.ಮೀ. ಈಜಿದರು, 2024ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನೂ ದಾಟಿದರು. ಇಂಥ ಮಕ್ಕಳಿಗೆ ಗುಂಪಿನ ಗಲಾಟೆಯಿಲ್ಲದ ಹೊತ್ತಿನಲ್ಲಿ, ಒಬ್ಬರಿಗೆ ಒಬ್ಬರೇ ಕೋಚ್ ಎಂಬ ವ್ಯವಸ್ಥೆ ಕೇಳಿ.

ಹಂತ 3: ಹತ್ತಿರದ ಮೂರು ಕೊಳಗಳ ಪಟ್ಟಿ ಮಾಡಿ

ಮುಂಬಯಿಯಲ್ಲಿ ‘ತರಣ್ ತಲಾವ್’ ಎಂದು ಕೇಳಿದರೆ ರಿಕ್ಷಾದವರೂ ದಾರಿ ತೋರಿಸುತ್ತಾರೆ. ಮಹಾನಗರಪಾಲಿಕೆಯ ಕೊಳಗಳೆಂದರೆ ದಾದರಿನ ಶಿವಾಜಿ ಪಾರ್ಕ್ ಬಳಿಯ ಮಹಾತ್ಮಾ ಗಾಂಧಿ ಸ್ಮಾರಕ ಈಜುಕೊಳ, ಚೆಂಬೂರಿನ ಜನರಲ್ ಅರುಣ್‌ಕುಮಾರ್ ವೈದ್ಯ ಈಜುಕೊಳ, ಕಾಂದಿವಲಿಯ ಸರ್ದಾರ್ ವಲ್ಲಭಭಾಯಿ ಪಟೇಲ್ ಈಜುಕೊಳ. ಅಂಧೇರಿಯ ಶಹಾಜಿರಾಜೇ ಕ್ರೀಡಾ ಸಂಕುಲ ಮತ್ತು ಮುಲುಂಡಿನ ಪ್ರಿಯದರ್ಶಿನಿ ಇಂದಿರಾ ಗಾಂಧಿ ಕ್ರೀಡಾ ಸಂಕುಲಗಳಲ್ಲೂ ಕೊಳಗಳಿವೆ. ಈಚಿನ ವರ್ಷಗಳಲ್ಲಿ ದಹಿಸರ್, ಮಲಾಡ್, ವರ್ಲಿಗಳಲ್ಲೂ ಪಾಲಿಕೆಯ ಹೊಸ ಕೊಳಗಳು ತೆರೆದಿವೆ. ವಿಲೆಪಾರ್ಲೆ ಪೂರ್ವದಲ್ಲಿ ಪ್ರಬೋಧನಕಾರ್ ಠಾಕ್ರೆ ಕ್ರೀಡಾ ಸಂಕುಲವಿದೆ. ಇವಲ್ಲದೆ ಜಿಮ್ಖಾನಾಗಳು, ಕ್ಲಬ್‌ಗಳು, ಶಾಲೆಗಳ ಕೊಳಗಳು, ಠಾಣೆಯ ಘೋಡ್‌ಬಂದರ್ ರಸ್ತೆಯಂಥ ಕಡೆ ಸೊಸೈಟಿಗಳ ಕೊಳಗಳೂ ಇವೆ.

ಪಾಲಿಕೆಯ ಕೊಳಗಳಲ್ಲಿ ಬೇಸಿಗೆಗೆ 21 ದಿನಗಳ ತರಬೇತಿ ಬ್ಯಾಚುಗಳು ನಡೆಯುತ್ತವೆ. ನೋಂದಣಿ ಆನ್‌ಲೈನ್. ಶುಲ್ಕ ಕ್ಲಬ್‌ಗಳಿಗಿಂತ ಬಹಳ ಕಡಿಮೆಯಾದ್ದರಿಂದ ಸೀಟುಗಳು ಬೇಗ ತುಂಬುತ್ತವೆ. ಮಾರ್ಚ್‌ನಿಂದಲೇ ಪ್ರಕಟಣೆಯ ಮೇಲೆ ಕಣ್ಣಿಡಿ. ಮಗುವಿನ ಆಧಾರ್, ಫೋಟೋ, ವೈದ್ಯರ ಪ್ರಮಾಣಪತ್ರ ಮೊದಲೇ ತಯಾರಿರಲಿ.

ಪ್ರಯಾಣ ಅರ್ಧ ಗಂಟೆ ಮೀರದಿರಲಿ. ಈಜಿ ದಣಿದ ಮಗುವನ್ನು ಸಂಜೆ ಆರರ ಲೋಕಲ್‌ನಲ್ಲಿ ಎತ್ತಿಕೊಂಡು ಬರುವುದು ಎರಡು ವಾರ ನಡೆದೀತು, ಮೂರನೆಯ ವಾರ ತಪ್ಪುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ಕುರ್ಲಾದ ಬಂಟರ ಭವನದಲ್ಲೋ ಕಾರ್ಯಕ್ರಮಕ್ಕೆ ಸೇರಿದಾಗ ಬೇರೆ ತಾಯ್ತಂದೆಯರನ್ನು ವಿಚಾರಿಸಿ. ನಾಲ್ಕೈದು ಮನೆಯವರು ಒಂದಾದರೆ ಚಿಕ್ಕ ಬ್ಯಾಚ್ ಮಾಡಿಕೊಡಿ ಎಂದು ಕೇಳುವ ಧೈರ್ಯವೂ ಬರುತ್ತದೆ.

ಹಂತ 4: ಕೊಳದ ಬದಿಯಲ್ಲಿ ಒಂದು ಗಂಟೆ ಕೂರಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಚಿಕ್ಕ ಮಕ್ಕಳ ಬ್ಯಾಚ್ ನಡೆಯುವ ಹೊತ್ತಿಗೇ ಹೋಗಿ, ಫೋನ್ ಚೀಲದಲ್ಲಿಟ್ಟು, ಸುಮ್ಮನೆ ನೋಡಿ. ಪೋಷಕರು ನೋಡಲು ಬಿಡುವುದಿಲ್ಲ ಎಂದರೆ ಅಲ್ಲಿಂದಲೇ ತಿರುಗಿ ಬನ್ನಿ.

ಮೊದಲು ಎಣಿಸಿ. ಆರು ವರ್ಷದೊಳಗಿನವರಾದರೆ ಒಬ್ಬ ಕೋಚ್‌ಗೆ ನಾಲ್ಕೇ ಮಕ್ಕಳು, ದೊಡ್ಡವರಾದರೆ ಆರು. ಇದಕ್ಕಿಂತ ಹೆಚ್ಚಿದ್ದಲ್ಲಿ ನಾನು ಸೇರಿಸುವುದಿಲ್ಲ. ಕೋಚ್ ನೀರಿನೊಳಗೆ ಇದ್ದಾರೋ, ದಡದಲ್ಲೋ? ಹೊಸಬರ ಕೋಚ್ ನೀರಿನೊಳಗೆ, ಕೈಗೆಟಕುವಷ್ಟು ಹತ್ತಿರ ಇರಬೇಕು. ಜೀವರಕ್ಷಕರು ಬೇರೆಯೇ ಇದ್ದಾರೋ? ಕಲಿಸುವವರೇ ಕಾಯುವವರೂ ಆದರೆ ಎರಡೂ ಕೆಲಸ ಕೆಡುತ್ತವೆ. ಜೀವರಕ್ಷಕರ ಕಣ್ಣು ನೀರಿನ ಮೇಲಿದೆಯೋ ಮೊಬೈಲಿನ ಮೇಲಿದೆಯೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಗು ಅತ್ತಾಗ ಏನು ಮಾಡುತ್ತಾರೆ ಎಂಬುದನ್ನಂತೂ ತಪ್ಪದೆ ನೋಡಿ. ಎರಡನೆಯ ಸಲ ನಾನು ಹೋದ ಕೊಳದಲ್ಲಿ ಒಬ್ಬ ಪುಟ್ಟ ಹುಡುಗ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ. ಕೋಚ್ ಅವನ ಪಕ್ಕದ ಮೆಟ್ಟಿಲಿಗೆ ಬಂದು ಕುಳಿತರು. ಬೊಗಸೆಯಲ್ಲಿ ನೀರು ತುಂಬಿ ‘ಇದರಲ್ಲಿ ಗುಳ್ಳೆ ಬಿಡು’ ಎಂದರು. ಆಮೇಲೆ ಬೊಗಸೆಯನ್ನು ನಿಧಾನ ಕೆಳಗಿಳಿಸುತ್ತ ನೀರಿನ ಮಟ್ಟಕ್ಕೆ ತಂದರು. ಐದು ನಿಮಿಷದಲ್ಲಿ ಹುಡುಗನ ಗಲ್ಲ, ಬಾಯಿ, ಮೂಗು ಕೊಳದೊಳಗಿದ್ದವು. ನಾನು ಅಲ್ಲೇ ಹಣ ಕಟ್ಟಿದೆ.

ಹಂತ 5: ಕೋಚ್ ಹತ್ತಿರ ಸಂಕೋಚವಿಲ್ಲದೆ ಕೇಳಿ

ತರಬೇತಿ ಎಲ್ಲಿ ಪಡೆದಿರಿ? ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದ್ದರೆ ಒಳ್ಳೆಯದು. ಜೀವರಕ್ಷಕರಿಗೆ ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯಂಥ ಕಡೆ ಪಡೆದ ಪ್ರಮಾಣಪತ್ರ ಇದೆಯೇ? ಸಿಪಿಆರ್ ಬರುತ್ತದೆಯೇ? ಒಳ್ಳೆಯ ಈಜುಗಾರರೆಲ್ಲ ಚಿಕ್ಕವರಿಗೆ ಒಳ್ಳೆಯ ಗುರುಗಳಲ್ಲ. ಈ ವಯಸ್ಸಿನವರಿಗೆ ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ ಎಂದು ಕೇಳಿ. ಕೋಚ್ ರಜೆ ಹಾಕಿದರೆ ಯಾರು ಬರುತ್ತಾರೆ, ತಪ್ಪಿದ ತರಗತಿಗೆ ಬದಲಿ ಇದೆಯೇ ಎಂಬುದನ್ನೂ ಕೇಳಿಡಿ.

ಭಾಷೆಯ ವಿಷಯ ಸಣ್ಣದಲ್ಲ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತ್ರ ಕೇಳಿದ ನಾಲ್ಕರ ಮಗುವಿಗೆ ‘ಸಾನ್ಸ್ ರೋಕೋ’, ‘ಪಾಯ್ ಮಾರ್’ ಎಂದರೆ ಕಕ್ಕಾಬಿಕ್ಕಿ. ಉಸಿರು ಹಿಡಿ, ಉಸಿರು ಬಿಡು, ಕಾಲು ಬಡಿ, ನಿಲ್ಲು ಎಂಬುದಕ್ಕೆ ಹಿಂದಿ, ಮರಾಠಿಯ ಮಾತುಗಳನ್ನು ಮನೆಯಲ್ಲೇ ಆಟವಾಡುತ್ತ ಕಲಿಸಿ.

ಈಜು ಕಲಿಸುವಾಗ ಮೈ ಮುಟ್ಟಲೇಬೇಕಾಗುತ್ತದೆ. ಎಲ್ಲಿ ಹಿಡಿದರೆ ಸರಿ, ಎಲ್ಲಿ ಮುಟ್ಟಬಾರದು, ಇರುಸುಮುರುಸಾದರೆ ಬಂದು ಹೇಳಬೇಕು ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿ. ಬಟ್ಟೆ ಬದಲಿಸುವ ಕೋಣೆಗೆ ಚಿಕ್ಕ ಮಗುವಿನ ಜೊತೆ ಮನೆಯವರೇ ಹೋಗಿ. ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098.

ಹಂತ 6: ನೀರನ್ನು ಪರೀಕ್ಷಿಸಿ

ಆಳದ ತುದಿಯಲ್ಲಿ ನಿಂತು ತಳ ನೋಡಿ. ನೀರು ಹೊರಹೋಗುವ ಜಾಲರಿ ಸ್ಪಷ್ಟವಾಗಿ ಕಾಣದಿದ್ದರೆ, ಮುಳುಗಿದ ಮಗುವೂ ಕಾಣುವುದಿಲ್ಲ. ಆ ಜಾಲರಿ ಮುರಿದಿರಬಾರದು. ಅದರ ಸೆಳೆತಕ್ಕೆ ಕೂದಲು, ಕೈ ಸಿಕ್ಕಿಕೊಳ್ಳುತ್ತದೆ. ಮೂಗಿಗೆ ಹೊಡೆಯುವ ಕ್ಲೋರಿನ್ ವಾಸನೆ ಸ್ವಚ್ಛತೆಯ ಗುರುತಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿದಾಗ ಆ ಘಾಟು ಹುಟ್ಟುತ್ತದೆ. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ದಿನದ ಅಳತೆಯನ್ನು ಫಲಕದಲ್ಲಿ ಬರೆದಿದ್ದಾರೆಯೇ ನೋಡಿ. ಆಳ ಎಷ್ಟೆಂದು ದಡದಲ್ಲಿ ಬರೆದಿರಬೇಕು, ಕಿರುಕೊಳಕ್ಕೂ ದೊಡ್ಡ ಕೊಳಕ್ಕೂ ನಡುವೆ ತಡೆ ಇರಬೇಕು. ಸೊಸೈಟಿಯ ಕೊಳವಾದರೆ ಜೀವರಕ್ಷಕರಿಲ್ಲದ ಹೊತ್ತಿನಲ್ಲಿ ಗೇಟಿಗೆ ಬೀಗ ಬೀಳುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಹಂತ 7: ಚೀಲ ಮತ್ತು ಆರೋಗ್ಯ

ಈಜುಡುಗೆ ಕಿತ್ತಳೆ ಅಥವಾ ಕಡು ಗುಲಾಬಿಯಂಥ ಎದ್ದುಕಾಣುವ ಬಣ್ಣದ್ದಿರಲಿ. ತಿಳಿನೀಲಿ ಬಣ್ಣ ನೀರಿನಲ್ಲಿ ಕರಗಿಹೋಗುತ್ತದೆ. ಈಜುಗನ್ನಡಕ, ಟೋಪಿ, ಟವೆಲ್, ಜಾರದ ಚಪ್ಪಲಿ, ಒಂದು ಬಾಳೆಹಣ್ಣು ಸಾಕು. ತೋಳಿಗೆ ಹಾಕುವ ಗಾಳಿಯ ಬಳೆಗಳನ್ನು ಕೊಳ್ಳಬೇಡಿ. ಗಾಳಿ ಹೋದರೆ ಗತಿಯಿಲ್ಲ. ಮೇಲಾಗಿ, ಬಳೆಯಿಲ್ಲದೆಯೂ ತೇಲುತ್ತೇನೆ ಎಂಬ ಸುಳ್ಳು ಧೈರ್ಯ ಮಗುವಿಗೆ ಬರುತ್ತದೆ. ಫಿಟ್ಸ್, ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋಂಕು ಇದ್ದರೆ ವೈದ್ಯರನ್ನು ಕೇಳಿಯೇ ಸೇರಿಸಿ, ಕೋಚ್‌ಗೂ ತಿಳಿಸಿ. ಭೇದಿಯಾದಾಗ ಕೊಳಕ್ಕೆ ಕಳಿಸಬೇಡಿ, ಬೇರೆ ಮಕ್ಕಳಿಗೂ ಹರಡುತ್ತದೆ. ನೀರಿನಿಂದ ಬಂದ ಮೇಲೆ ತಲೆ ವಾಲಿಸಿ ಕಿವಿಯ ನೀರು ಇಳಿಸಿ, ಟವೆಲ್ಲಿನ ಅಂಚಿನಿಂದ ಒರೆಸಿ, ಬಡ್ಸ್ ಬೇಡ.

ಹಂತ 8: ಊರಿಗೆ ಹೊರಡುವ ಮುನ್ನ ಪರೀಕ್ಷೆ

ಬ್ಯಾಚ್ ಮುಗಿದಾಗ ಮೊದಲ ಹಂತದ ಐದು ಕೌಶಲಗಳನ್ನು ಕೋಚ್ ಎದುರಿಗೇ ಮಾಡಿಸಿ ನೋಡಿ. ಒಂದೆರಡು ಬಾರದಿದ್ದರೆ ಬೇಸರ ಬೇಡ, ಇನ್ನೊಂದು ಬ್ಯಾಚ್ ಹಾಕಿ. 21 ದಿನ ಆರಂಭ ಮಾತ್ರ. ಬಿಟ್ಟರೆ ಮರೆಯುತ್ತದೆ.

ಎಲ್ಲವೂ ಬಂದಿದ್ದರೂ ಕೊಳ ಬೇರೆ, ಹೊಳೆ ಬೇರೆ. ಹೊಳೆಗೆ ಸೆಳೆತವಿದೆ, ಕೆರೆಗೆ ಕೆಸರಿದೆ, ಕೋರೆಗೆ ಮೆಟ್ಟಿಲೇ ಇಲ್ಲ. ಊರಿನಲ್ಲೂ ಜುಹು, ಅಕ್ಸಾ ಕಿನಾರೆಗಳಲ್ಲೂ ಒಂದೇ ನಿಯಮ: ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ, ಬೇರೆ ಯಾವ ಕೆಲಸವೂ ಇಲ್ಲದೆ ಇರಬೇಕು. ಮುಳುಗುವ ಮಗು ಕಿರುಚುವುದಿಲ್ಲ. ಉಸಿರಿಗೇ ಹೋರಾಡುವ ಬಾಯಿಂದ ಕೂಗು ಹೊರಡದು. ಒಂದು ನಿಮಿಷದೊಳಗೆ ಎಲ್ಲ ಮುಗಿಯಬಹುದು.

2024ರ ನವೆಂಬರಿನಲ್ಲಿ ಉಳ್ಳಾಲದ ಬಳಿಯ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ತೀರಿಹೋದರು. ಈಜು ಬಾರದ ಒಬ್ಬಳು ಆಳಕ್ಕೆ ಸರಿದಾಗ ಉಳಿದವರು ಹಿಡಿಯಲು ಹೋಗಿದ್ದರು. ಹಾಗಾಗಿ ಈಜಿನ ಜೊತೆ ಇದನ್ನೂ ಕಲಿಸಿ: ಯಾರಾದರೂ ಮುಳುಗುತ್ತಿದ್ದರೆ ನೀರಿಗೆ ಹಾರಬೇಡ, ಕೂಗಿ ದೊಡ್ಡವರನ್ನು ಕರೆ, ದಡದಿಂದಲೇ ಕೋಲು, ಸೀರೆ, ಹಗ್ಗ, ಖಾಲಿ ಕ್ಯಾನ್ ಏನಾದರೂ ಎಸೆ. ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಆಂಬ್ಯುಲೆನ್ಸ್ ಸಂಖ್ಯೆ 108, ತುರ್ತು ಸಂಖ್ಯೆ 112.

ಕಳೆದ ಮೇ ತಿಂಗಳಲ್ಲಿ ನನ್ನ ಮಗಳು ಅದೇ ತೋಟದ ಕೆರೆಗೆ ಇಳಿದಳು. ಮುಂಬಯಿಯ ಕೊಳದಲ್ಲಿ ಎರಡು ಬೇಸಿಗೆ ಕಲಿತವಳು, ಅಂಗಾತ ಮಲಗಿ ತೇಲಿದಳು. ಎಪ್ಪತ್ತು ದಾಟಿದ ಅಪ್ಪ ಸೊಂಟದ ಮಟ್ಟದ ನೀರಿನಲ್ಲಿ ಪಕ್ಕದಲ್ಲೇ ನಿಂತಿದ್ದರು. ಅವರ ಅಂಗೈ ಅವಳನ್ನು ಮುಟ್ಟಿರಲಿಲ್ಲ, ಆದರೆ ನೀರಿನ ಕೆಳಗೆ ಬಿಚ್ಚಿಕೊಂಡೇ ಇತ್ತು. ನೀವು ಆರಿಸುವ ಕೊಳದಲ್ಲಿ ಅಂಥದೊಂದು ಕೈ ಇದೆಯೇ ಎಂಬುದನ್ನು, ಹಣ ಕಟ್ಟುವ ಮೊದಲು, ಕಣ್ಣಾರೆ ನೋಡಿಕೊಂಡು ಬನ್ನಿ.